ಗಾಜಿನ ತೊಟ್ಟಿಯಲ್ಲಿ ಕಡಲು

ಕಡಲಿನಿಂದ ದೂರವಿರುವ ಬೆಳಗಾವಿಯ ನೆಹರು ನಗರದಲ್ಲಿ ಉಪ್ಪುನೀರಿನ ಮತ್ಸ್ಯಾಲಯವನ್ನು ಇರಿಸಬಯಸುವವರು, ತೊಟ್ಟಿ ಕಿರಿದಾದಷ್ಟೂ ಹೊಣೆ ಹಿರಿದೆಂಬುದನ್ನು ಮೊದಲು ಅರಿಯತಕ್ಕದ್ದು. ಅಲ್ಪಜಲದಲ್ಲಿ ಉಪ್ಪೂ ಉಷ್ಣವೂ ಬೇಗನೆ ಏರಿಳಿಯುತ್ತವೆ. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರಲವಣವನ್ನು ಬೆರೆಸಿದ ಮಾತ್ರಕ್ಕೆ ನೀರು ಕಡಲಾಗದು. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯಾ ವಿಷವನ್ನು ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಾಣುಗಳು ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕಾರು ವಾರಗಳು ಬೇಕು; ಅದಕ್ಕೆ ಮುನ್ನ ಮೀನು ಬಿಡುವುದು ಜೀವಹಿಂಸೆಯೇ ಸರಿ. ನೀರು ಆವಿಯಾದರೂ ಉಪ್ಪು ಉಳಿಯುವುದರಿಂದ, ಆರಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಶಾಲೆಗೆ ತೊಟ್ಟಿ ಕೊಡಿಸುವ ದಾನಿಗಳು ದೊರೆತಾರು. ಬೇಸಿಗೆಯ ರಜೆಯಲ್ಲಿ ನಿತ್ಯವೂ ಅದನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗೆ ಉತ್ತರ ದೊರೆತ ಬಳಿಕವೇ ತೊಟ್ಟಿ ಬರಲಿ. ಅಲ್ಲಿಯವರೆಗೆ ಮಕ್ಕಳನ್ನು ಕಾರವಾರದ ಕಡಲತೀರಕ್ಕೆ ಕರೆದೊಯ್ಯುವುದೇ ಲೇಸು.