ಓದುಗರ ಪಡಸಾಲೆ: ಆ ಪಾಠ ಬೇಡವೆಂದ ಹುಡುಗಿ



ಎರಡು ತಿಂಗಳ ಹಿಂದೆ ಇದೇ ಪಡಸಾಲೆಯಲ್ಲಿ ಲೀಸಾ ಜ್ಯುವೆಲ್ ಎಂಬ ಇಂಗ್ಲಿಷ್ ಲೇಖಕಿಯ ‘ದೆನ್ ಶೀ ವಾಸ್ ಗಾನ್’ ಕಾದಂಬರಿಯನ್ನು ಹತ್ತು ಸಾಲುಗಳಲ್ಲಿ ಪರಿಚಯಿಸಿದ್ದೆವು. ‘ಕಾಣೆಯಾದ ಹುಡುಗಿಯ ಕಥೆ, ಒಂದೇ ಉಸಿರಿಗೆ ಓದಿಸಿಕೊಂಡು ಹೋಗುತ್ತದೆ, ರಜೆಗೆ ತಕ್ಕ ಪುಸ್ತಕ’ ಎಂದು ಬರೆದು ಸುಮ್ಮನಾಗಿದ್ದೆವು. ಆ ಹತ್ತು ಸಾಲುಗಳಿಗೆ ಇಷ್ಟು ಕಾಗದಗಳು ಬರುತ್ತವೆಂದು ನಾವು ಎಣಿಸಿರಲಿಲ್ಲ. ಹೊಗಳಿದವರಿದ್ದಾರೆ, ಬೈದವರಿದ್ದಾರೆ, ನಮಗೇ ಬುದ್ಧಿ ಹೇಳಿದವರೂ ಇದ್ದಾರೆ. ಆದ್ದರಿಂದ ಈ ಸಲದ ಪಡಸಾಲೆಯನ್ನು ಆ ಕಾಗದಗಳಿಗೇ ಬಿಟ್ಟುಕೊಟ್ಟಿದ್ದೇವೆ.

ಪುಸ್ತಕ ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಬೇಕು. ಲಂಡನ್ನಿನ ಒಂದು ಮಧ್ಯಮ ವರ್ಗದ ಮನೆ. ತಂದೆ, ತಾಯಿ, ಮೂವರು ಮಕ್ಕಳು. ಕಿರಿಯವಳು ಎಲೀ, ವಯಸ್ಸು 15. 2005ರ ಮೇ ತಿಂಗಳಲ್ಲಿ, ಪರೀಕ್ಷೆ ಹತ್ತಿರವಿದ್ದಾಗ, ಗ್ರಂಥಾಲಯಕ್ಕೆಂದು ಹೋದ ಹುಡುಗಿ ಮರಳಿ ಬರುವುದಿಲ್ಲ. ತಾನಾಗಿಯೇ ಮನೆ ಬಿಟ್ಟು ಹೋಗಿರಬೇಕೆಂಬುದು ಪೊಲೀಸರ ಎಣಿಕೆ. ತಾಯಿ ಲಾರೆಲ್‌ಗೆ ಅದು ಒಪ್ಪಿಗೆಯಿಲ್ಲ. ವರ್ಷಗಳು ಉರುಳುತ್ತವೆ, ಗಂಡ ಹೆಂಡಿರು ಬೇರೆಯಾಗುತ್ತಾರೆ, ಉಳಿದ ಇಬ್ಬರು ಮಕ್ಕಳು ತಾಯಿಯಿಂದ ದೂರವಾಗುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಒಂದು ಕಾಫಿ ಅಂಗಡಿಯಲ್ಲಿ ಲಾರೆಲ್‌ಗೆ ಒಬ್ಬ ಸಭ್ಯ ಗೃಹಸ್ಥನ ಪರಿಚಯವಾಗುತ್ತದೆ. ಆತನ ಒಂಬತ್ತು ವರ್ಷದ ಮಗಳನ್ನು ನೋಡಿದರೆ ಎಲೀಯೇ ಎದುರು ಬಂದು ನಿಂತಂತೆ ಇರುತ್ತದೆ. ಇಲ್ಲಿಂದ ಮುಂದಿನದನ್ನು ನಾವು ಹೇಳುವುದಿಲ್ಲ.

ಒಬ್ಬ ಓದುಗರು ಹುಡುಗಿಯ ಹೆಸರನ್ನು ತಮ್ಮ ಕಾಗದದ ತುಂಬ ‘ಎಲ್ಲಿ’ ಎಂದೇ ಬರೆದಿದ್ದಾರೆ. ತಿದ್ದೋಣವೆಂದು ಪೆನ್ನು ಹಿಡಿದವರು ಹಾಗೆಯೇ ಬಿಟ್ಟೆವು. ಪುಸ್ತಕದ ಉದ್ದಕ್ಕೂ ಆ ತಾಯಿ ಕೇಳುವುದು ಅದೊಂದೇ ಪ್ರಶ್ನೆಯಲ್ಲವೆ?

ಇನ್ನು ಕಾಗದಗಳಿಗೆ ಬರೋಣ.

ಸೊಲ್ಲಾಪುರದಿಂದ ಬಟ್ಟೆ ವ್ಯಾಪಾರಿಗಳೊಬ್ಬರು ಬರೆಯುತ್ತಾರೆ: ‘ಅಪರಾಧಿ ಯಾರೆಂದು ಅರ್ಧ ಪುಸ್ತಕಕ್ಕೆ ಮೊದಲೇ ಗೊತ್ತಾಗಿಬಿಟ್ಟಿತು. ಮುಂದೆ ಓದುವುದಾದರೂ ಏತಕ್ಕೆ? ಒಂದು ಕಾಕತಾಳೀಯವಾದರೆ ಒಪ್ಪಬಹುದು, ಇಲ್ಲಿ ಹೆಜ್ಜೆಗೊಂದು. ಅಷ್ಟು ನೋವುಂಡ ಹೆಂಗಸು ಹೊಸಬನನ್ನು ಇಷ್ಟು ಬೇಗ ನಂಬುತ್ತಾಳೆಯೇ? ನಾವು ಹೊಸ ಗಿರಾಕಿಗೆ ನೂರು ರೂಪಾಯಿ ಉದ್ರಿ ಕೊಡಬೇಕಾದರೂ ನಾಲ್ಕು ಕಡೆ ವಿಚಾರಿಸುತ್ತೇವೆ.’

ಇವರ ಆಕ್ಷೇಪಣೆಯಲ್ಲಿ ಹುರುಳಿದೆ. ಕಾಕತಾಳೀಯಗಳು ಹೆಚ್ಚೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಅಪರಾಧಿಯ ಗುಟ್ಟು ಬೇಗ ಒಡೆಯುವುದು ಲೇಖಕಿಯ ಕೈತಪ್ಪಿ ಆದದ್ದಲ್ಲ. ಎಲೀಗೆ ಗಣಿತ ಹೇಳಿಕೊಡಲು ಮನೆಗೆ ಬರುತ್ತಿದ್ದ ಶಿಕ್ಷಕಿಯ ಮೇಲೆ ಅನುಮಾನ ಬರುವಂತೆ ಅವರು ಬೇಕೆಂದೇ ಮೊದಮೊದಲಿಗೇ ಬರೆದಿದ್ದಾರೆ. ಯಾರು ಮಾಡಿದರು ಎಂಬ ಕುತೂಹಲವನ್ನು ಬೇಗ ತೀರಿಸಿ, ಹೇಗೆ ಯಾರ ಕಣ್ಣಿಗೂ ಬೀಳಲಿಲ್ಲ ಎಂಬ ಪ್ರಶ್ನೆಯನ್ನು ನಮ್ಮ ಮುಂದಿಡುತ್ತಾರೆ. ಲೀಸಾ ಜ್ಯುವೆಲ್ ಅವರ ಮೊದಲ ಕಾದಂಬರಿ ಬಂದದ್ದು 1999ರಲ್ಲಿ. ಆಗಿನಿಂದ ವರ್ಷಗಟ್ಟಲೆ ಅವರು ಬರೆದದ್ದು ಪ್ರೀತಿ, ಸಂಸಾರ, ನೆರೆಹೊರೆಯ ಕಥೆಗಳನ್ನು. ರಹಸ್ಯ ಕಾದಂಬರಿಗಳತ್ತ ಹೊರಳಿದ್ದು ಆಮೇಲೆ. 2017ರಲ್ಲಿ ಬಂದ ಈ ಪುಸ್ತಕದಲ್ಲೂ ಪೊಲೀಸ್ ಠಾಣೆಗಿಂತ ಅಡಿಗೆಮನೆಯೇ ಹೆಚ್ಚು ಕಾಣುವುದು ಅದಕ್ಕೇ ಇರಬಹುದು.

ಅಕ್ಕಲಕೋಟೆಯ ಸೊಸೆಯೊಬ್ಬರ ಕಾಗದ ಇದಕ್ಕೆ ತೀರ ಬೇರೆ. ‘ಎಲೀಗಾಗಿ ಅತ್ತದ್ದಕ್ಕಿಂತ ಅವಳ ಅಕ್ಕ ಹ್ಯಾನಾಳಿಗಾಗಿ ಹೆಚ್ಚು ಅತ್ತೆ. ತಾಯಿಗೆ ಹೋದವಳೇ ಎಲ್ಲ, ಇದ್ದವಳು ಕಣ್ಣಿಗೇ ಕಾಣಲಿಲ್ಲ. ದೊಡ್ಡವಳ ಮನೆಗೆ ಹೋಗಿ ಕಸ ಗುಡಿಸಿ ಬರುತ್ತಾಳೆ, ಒಂದು ಮಾತು ಆಡುವುದಿಲ್ಲ. ನಮ್ಮ ತವರಿನಲ್ಲಿ ಒಬ್ಬ ತಮ್ಮ ತೀರಿಕೊಂಡ. ಆಮೇಲೆ ನಾನು ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದ ದಿನ ಮನೆಯಲ್ಲಿ ಯಾರೂ ಸಕ್ಕರೆ ಹಂಚಲಿಲ್ಲ. ಅದನ್ನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ, ನಿಮಗೆ ಬರೆಯುತ್ತಿದ್ದೇನೆ.’

ತಾಯಿ, ನೀವು ಬರೆದದ್ದು ಒಳ್ಳೆಯದಾಯಿತು. ಇದಕ್ಕೆ ನಾವು ಸೇರಿಸುವ ಮಾತು ಏನೂ ಇಲ್ಲ.

ಜತ್ತಿನ ನಿವೃತ್ತ ಶಿಕ್ಷಕಿಯೊಬ್ಬರು ನಮ್ಮನ್ನು ನೇರವಾಗಿಯೇ ತರಾಟೆಗೆ ತೆಗೆದುಕೊಂಡಿದ್ದಾರೆ. ‘ಇರುವೆಯನ್ನೂ ನೋಯಿಸಬಾರದೆಂದು ಮಕ್ಕಳಿಗೆ ಕಲಿಸುವ ಮನೆಗಳಿಗೆ ನಿಮ್ಮ ಪತ್ರಿಕೆ ಹೋಗುತ್ತದೆ. ಹುಡುಗಿಯನ್ನು ಕೂಡಿಹಾಕಿ ಹಿಂಸಿಸುವ ಪುಸ್ತಕವನ್ನು ರಜೆಯ ಓದಿಗೆ ತಕ್ಕದ್ದೆಂದು ಹೇಗೆ ಬರೆದಿರಿ? ಮೇಲಾಗಿ ತಪ್ಪು ಮಾಡಿದವಳಿಗೇ ಪುಟಗಟ್ಟಲೆ ಮಾತಾಡಲು ಬಿಟ್ಟಿದ್ದಾರೆ. ಓದುವವರಿಗೆ ಅವಳ ಮೇಲೆ ಕನಿಕರ ಹುಟ್ಟಲೆಂದೇ?’

ಮೊದಲ ಪ್ರಶ್ನೆಗೆ ನಮ್ಮ ತಪ್ಪೊಪ್ಪಿಗೆ. ‘ರಜೆಗೆ ತಕ್ಕದ್ದು’ ಎಂದು ಯಾವ ವಯಸ್ಸಿನವರಿಗೆಂದು ಹೇಳದೆ ಬರೆಯಬಾರದಿತ್ತು. ಇದು ಹೈಸ್ಕೂಲಿನ ಮಕ್ಕಳ ಕೈಗೆ ಹಾಗೆಯೇ ಕೊಡುವ ಪುಸ್ತಕವಲ್ಲ. ತಾಯಂದಿರು ಮೊದಲು ಓದಿ, ಆಮೇಲೆ ಕಾಲೇಜಿಗೆ ಹೋಗುವ ಮಕ್ಕಳಿಗೆ ಕೊಡಬಹುದು. ಎರಡನೆಯ ಪ್ರಶ್ನೆಗೆ ಮಾತ್ರ ನಮ್ಮ ಉತ್ತರ ಬೇರೆ. ಈ ಕಥೆ ತಾಯಿಯ ಕಣ್ಣಿನಿಂದ, ಮಗಳ ಕಣ್ಣಿನಿಂದ, ಶಿಕ್ಷಕಿಯ ಬಾಯಿಂದ, ಹೀಗೆ ಹಲವು ಕಡೆಗಳಿಂದ ಬರುತ್ತದೆ. ಅನೇಕಾಂತವನ್ನು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಆದರೆ ಅನೇಕಾಂತವೆಂದರೆ ಎಲ್ಲರೂ ಸರಿ ಎಂದಲ್ಲ. ಒಬ್ಬೊಬ್ಬರು ಎಲ್ಲಿ ನಿಂತು ನೋಡುತ್ತಿದ್ದಾರೆಂದು ತಿಳಿದ ಮೇಲೆಯೇ ನಿರ್ಣಯಕ್ಕೆ ಬರಬೇಕೆಂದು. ಆ ಶಿಕ್ಷಕಿಯ ಮಾತು ಕೇಳಿದಾಗ ನಮಗೆ ಹುಟ್ಟಿದ್ದು ಕನಿಕರವಲ್ಲ, ಹೆದರಿಕೆ. ಆಕೆ ರಾಕ್ಷಸಿಯಂತಿಲ್ಲ, ಹೊತ್ತಿಗೆ ಸರಿಯಾಗಿ ಬಂದು, ಚಹಾ ಕುಡಿದು, ಪಾಠ ಹೇಳಿ ಹೋಗುವವಳು. ನಮ್ಮ ಮನೆಗಳಿಗೆ ಬರುವವರೂ ಹಾಗೆಯೇ ಇರುತ್ತಾರೆ.

ಮಂಜೇಶ್ವರದಿಂದ ದಿನಾ ಮಂಗಳೂರಿಗೆ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿನಿ ಈ ಮಾತಿಗೆ ಸರಿಯಾದ ಜೋಡಿಯನ್ನು ಹುಡುಕಿಕೊಟ್ಟಿದ್ದಾಳೆ. ‘ಕಾಣೆಯಾದ ಹುಡುಗಿಯ ಕಥೆ ನಮಗೇನು ಹೊಸದೇ? ಚಂದನೆಯ ಕಥೆ ಮತ್ತೇನು?’ ಎಂದು ಕೇಳುತ್ತಾಳೆ. ನಿಜವೇ. ರಾಜಕುಮಾರಿ ಚಂದನೆ ಅಪಹರಣವಾಗಿ, ಕೈಯಿಂದ ಕೈಗೆ ದಾಟಿ, ಕೊನೆಗೆ ಕೌಶಾಂಬಿಯ ಒಬ್ಬ ಶ್ರೇಷ್ಠಿಯ ಮನೆ ಸೇರುತ್ತಾಳೆ. ಶ್ರೇಷ್ಠಿ ಮಗಳಂತೆ ಕಂಡರೂ ಅವನ ಹೆಂಡತಿ ಸಂಶಯಪಟ್ಟು ಅವಳನ್ನು ಸರಪಣಿಯಲ್ಲಿ ಕಟ್ಟಿಹಾಕುತ್ತಾಳೆ. ಆಹಾರಕ್ಕೆ ಹೊರಟ ಮಹಾವೀರ ಸ್ವಾಮಿ ಬಂದು ನಿಲ್ಲುವುದು ಆ ಸರಪಣಿಯ ಹುಡುಗಿಯ ಎದುರಿಗೆ. ಮುಂದೆ ಅವಳೇ ಆರ್ಯಿಕಾ ಸಂಘದ ನಾಯಕಿಯಾಗುತ್ತಾಳೆ. ವಿದ್ಯಾರ್ಥಿನಿಯ ಮಾತು ಇಷ್ಟು: ‘ಪಾಠಶಾಲೆಯಲ್ಲಿ ಈ ಕಥೆಯನ್ನು ಆಹಾರದಾನದ ಮಹಿಮೆಗಾಗಿ ಹೇಳುತ್ತಾರೆ. ಆದರೆ ಅವಳನ್ನು ಕಟ್ಟಿಹಾಕಿದ್ದು ಕಾಡಿನಲ್ಲಲ್ಲ, ನಮ್ಮಂಥದೇ ವ್ಯಾಪಾರಸ್ಥರ ಮನೆಯಲ್ಲಿ. ಅದನ್ನು ಯಾರೂ ಹೇಳುವುದಿಲ್ಲ.’

ಈ ಹುಡುಗಿಯ ಮಾತನ್ನು ನಾವು ಎರಡು ಸಲ ಓದಿದೆವು.

ಕೊನೆಯ ಕಾಗದ ಒಬ್ಬ ಅಜ್ಜಿಯವರದು. ಊರು ಹೇಳಬಾರದೆಂದು ಕೇಳಿಕೊಂಡಿದ್ದಾರೆ. ಅವರಿಗೆ ಇಂಗ್ಲಿಷ್ ಬಾರದು. ಸಂಜೆ ಹೊತ್ತು ಮುಳುಗುವ ಮೊದಲು ಊಟ ಮುಗಿಸಿ, ಮೊಮ್ಮಗಳಿಂದ ದಿನಕ್ಕಿಷ್ಟು ಕಥೆ ಹೇಳಿಸಿಕೊಂಡರಂತೆ. ಎಲೀ ಮೊದಮೊದಲು ಆ ಶಿಕ್ಷಕಿಯನ್ನು ಮೆಚ್ಚಿಕೊಂಡಿದ್ದಳು, ಕಾಣಿಕೆಗಳೂ ಬರುತ್ತಿದ್ದವು. ಬರಬರುತ್ತ ಏನೋ ಇರುಸುಮುರುಸಾಗಿ, ಇನ್ನು ಆ ಪಾಠ ಬೇಡ ಎಂದಳು. ಪಾಠ ನಿಂತಿತು. ಅವಳು ಕಾಣೆಯಾದ ಮೇಲೆ ಮನೆಯ ಯಾರಿಗೂ ಆ ಶಿಕ್ಷಕಿಯ ನೆನಪೇ ಬರಲಿಲ್ಲ. ಕಥೆ ಅಲ್ಲಿಗೆ ಬಂದಾಗ ಮೊಮ್ಮಗಳು ಓದುವುದನ್ನು ನಿಲ್ಲಿಸಿ, ‘ಆಯಿ, ನಾ ಆ ಟ್ಯೂಷನ್ ಬಿಟ್ಟದ್ದು ಯಾಕಂತ ನಮ್ಮನಿಯೊಳಗೂ ಒಬ್ರೂ ಕೇಳಲಿಲ್ಲ’ ಎಂದಳಂತೆ.

ಎರಡು ವರ್ಷದ ಹಿಂದಿನ ಮಾತು. ಆಗ ಅವಳು ಒಂಬತ್ತನೆಯ ಇಯತ್ತೆಯಲ್ಲಿದ್ದಳು. ಪಾಠ ಹೇಳುವವರು ರಾತ್ರಿ ಹೊತ್ತು ಮೊಬೈಲಿಗೆ ಸಂದೇಶ ಕಳಿಸುವುದು, ಉಳಿದ ಹುಡುಗಿಯರು ಹೋದ ಮೇಲೆ ನೀನೊಬ್ಬಳೇ ಬಾ ಎನ್ನುವುದು, ಮನೆಯಲ್ಲಿ ಹೇಳಬೇಡ ಎನ್ನುವುದು ನಡೆದಿತ್ತು. ಹುಡುಗಿ ಜಾಣೆ, ಹೋಗುವುದನ್ನೇ ಬಿಟ್ಟಳು. ‘ನಾವೇನು ಮಾಡಿದೆವು ಗೊತ್ತೇ?’ ಎಂದು ಅಜ್ಜಿ ಬರೆಯುತ್ತಾರೆ. ‘ವರ್ಷದ ಫೀ ಮುಂಗಡ ಕಟ್ಟಿದ್ದೇವೆ, ಮೈಗಳ್ಳಿ ಎಂದು ಬೈದೆವು. ಅವರ ಅಪ್ಪ ಎಂಟು ದಿನ ಮಾತಾಡಲಿಲ್ಲ. ಉಳಿದ ಫೀ ಮರಳಿ ಕೊಡುತ್ತಾರೋ ಇಲ್ಲವೋ ಎಂದು ಕೇಳಲು ಇಬ್ಬರು ಹೋಗಿ ಬಂದರು. ಮಗಳನ್ನು ಒಬ್ಬರೂ ಕೇಳಲಿಲ್ಲ.’

ಕಾಗದವನ್ನು ಓದಿ ಮುಗಿಸಿದಾಗ, ಈ ಪುಸ್ತಕವನ್ನು ರಜೆಯ ಓದೆಂದು ಕರೆದದ್ದಕ್ಕೆ ನಮಗೇ ನಾಚಿಕೆಯಾಯಿತು.

ನಮ್ಮದು ಲೆಕ್ಕ ಬಲ್ಲ ಸಮಾಜ. ಸಂಜೆ ಅಂಗಡಿ ಮುಚ್ಚುವಾಗ ಹತ್ತು ರೂಪಾಯಿ ತಾಳೆಯಾಗದಿದ್ದರೆ ಕಿರ್ದಿಯನ್ನು ಮತ್ತೆ ಮೊದಲಿಂದ ನೋಡುತ್ತೇವೆ. ಆದರೆ ದಿನಾ ಹೋಗುತ್ತಿದ್ದ ಮಗಳು ಒಂದು ದಿನ ‘ನಾನು ಹೋಗುವುದಿಲ್ಲ’ ಎಂದರೆ ಆ ತಾಳೆಯಾಗದ ಮಾತನ್ನು ಹಟವೆಂಬ ಖಾತೆಗೆ ಬರೆದು ಮುಗಿಸುತ್ತೇವೆ. ಎಲ್ಲ ‘ಬೇಡ’ದ ಹಿಂದೆಯೂ ಕೆಡುಕಿರುತ್ತದೆ ಎಂದು ನಾವು ಹೇಳುತ್ತಿಲ್ಲ. ಪಾಠ ಹೇಳುವವರೆಲ್ಲರ ಮೇಲೆ ಸಂಶಯ ಪಡಿರೆಂದೂ ಅಲ್ಲ. ಚಂದನೆಯನ್ನು ಸರಪಣಿಗೆ ಹಾಕಿದ್ದೂ ಒಂದು ಸಂಶಯವೇ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೈಯದೆ, ‘ಯಾಕಮ್ಮ?’ ಎಂದು ಕೇಳಿ, ಅವಳು ಹೇಳುವವರೆಗೆ ಕಾಯಿರಿ. ಅಷ್ಟೇ.

ಹಲವರು ಕೇಳಿದ ಒಂದು ವ್ಯವಹಾರದ ಪ್ರಶ್ನೆಗೂ ಉತ್ತರಿಸಬೇಕು. ಮಗು ಕಾಣೆಯಾದರೆ 24 ಗಂಟೆ ಕಾಯಬೇಕೆಂಬ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ. ಅಂಥ ನಿಯಮವಿಲ್ಲ. 18 ತುಂಬದವರು ಕಾಣೆಯಾದ ದೂರು ಬಂದರೆ ಪ್ರಥಮ ವರ್ತಮಾನ ವರದಿ ದಾಖಲಿಸಿ, ಅಪಹರಣ ಅಥವಾ ಸಾಗಾಟವೆಂದೇ ಭಾವಿಸಿ ತನಿಖೆ ನಡೆಸಬೇಕೆಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲೇ ಆದೇಶಿಸಿದೆ. ನಾವು ಗಡಿಯವರು, ಮನೆ ಒಂದು ರಾಜ್ಯದಲ್ಲಿ, ಮಕ್ಕಳ ಕಾಲೇಜು ಇನ್ನೊಂದು ರಾಜ್ಯದಲ್ಲಿ. ‘ಇದು ನಮ್ಮ ಹದ್ದಿನಲ್ಲಿ ನಡೆದದ್ದಲ್ಲ’ ಎಂದು ಠಾಣೆಯವರು ಕಳಿಸುವಂತಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದೆಂಬುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಲ್ಲೇ ಬಂದಿದೆ. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112. ಇವನ್ನು ಅಂಗಡಿಯ ದೂರವಾಣಿ ಸಂಖ್ಯೆಗಳ ಪಟ್ಟಿಯ ಜೊತೆಗೇ ಗೋಡೆಗೆ ಅಂಟಿಸಿರಿ. ‘ಜನ ಏನೆಂದಾರು, ನಾಳೆ ಸಂಬಂಧ ಕೂಡಿಬರಬೇಡವೇ’ ಎಂದು ಮುಚ್ಚಿಟ್ಟು, ನೆಂಟರ ಮನೆಗಳಲ್ಲೇ ಹುಡುಕುತ್ತ ಕಳೆದ ಹೊತ್ತು ಮರಳಿ ಬರುವುದಿಲ್ಲ.

ಅಜ್ಜಿಯವರ ಕಾಗದದ ಕೊನೆಯ ಸಾಲುಗಳನ್ನು ಹೇಳಿ ಪಡಸಾಲೆ ಮುಗಿಸುತ್ತೇವೆ. ವಿಷಯ ತಿಳಿದ ಮೇಲೆ ಮಗ ಮಾತಿಲ್ಲದೆ ಎದ್ದು ಹೋದನಂತೆ. ಮರುದಿನ ಆ ಟ್ಯೂಷನ್ನಿಗೆ ಹೋಗುವ ಉಳಿದ ಹುಡುಗಿಯರ ಮನೆಗಳಿಗೆ ತಾನೇ ಹೋಗಿ, ಒಬ್ಬೊಬ್ಬ ತಂದೆಯನ್ನೂ ಕಂಡು ಹೇಳಿ ಬಂದನಂತೆ. ಆ ಸಂದೇಶಗಳನ್ನು ಹಿಡಿದುಕೊಂಡು ಮಗಳ ಜೊತೆ ಪೊಲೀಸ್ ಠಾಣೆಗೂ ಹೋದನಂತೆ. ಕ್ಷಮಾವಾಣಿಯ ದಿನ ಎಲ್ಲರಿಗೂ ಕೈಮುಗಿಯುವಂತೆ ಮಗಳಿಗೂ ಕೈಮುಗಿದನಂತೆ. ‘ಪ್ರತಿವರ್ಷವೂ ಮುಗಿಯುತ್ತಾನೆ’ ಎಂದು ಅಜ್ಜಿ ಬರೆದಿದ್ದಾರೆ, ‘ಈ ವರ್ಷ ಯಾತಕ್ಕೆಂದು ಅವನಿಗೆ ಗೊತ್ತಿತ್ತು.’

ಮುಂದಿನ ತಿಂಗಳ ಪಡಸಾಲೆಗೆ ನೀವು ಓದಿದ ಪುಸ್ತಕದ ಮಾತು ಬರೆದು ಕಳಿಸಿರಿ. ಕೈಬರಹವಾದರೆ ಹಾಳೆಯ ಒಂದೇ ಮಗ್ಗುಲಲ್ಲಿರಲಿ. ಹೆಸರು ಬೇಡವೆಂದವರ ಹೆಸರು ನಮ್ಮಲ್ಲಿಯೇ ಉಳಿಯುತ್ತದೆ.