3.9 ದೊಡ್ಡದಾ, 3.10 ದೊಡ್ಡದಾ?

ಐದನೇ ಕ್ಲಾಸಿನ ಲೆಕ್ಕದ ಟೀಚರನ್ನು ಕೇಳಿದರೆ 3.9 ದೊಡ್ಡದು. ಪೈಥಾನ್ ಬಳಸುವವರನ್ನು ಕೇಳಿದರೆ 3.10 ದೊಡ್ಡದು. ಎರಡೂ ಸರಿಯೇ. ಯಾಕಂದ್ರೆ ಪೈಥಾನ್ ವರ್ಷನ್ನಿನ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ, ಪಂಚಾಯತಿನ ಡೋರ್ ನಂಬರಿನಲ್ಲಿರುವ ಅಡ್ಡಗೆರೆಯ ಹಾಗೆ. 3-9 ಆದ ಮೇಲೆ 3-10, ಅಷ್ಟೇ. ಪೈಥಾನ್ 3.9 ಬಂದದ್ದು 2020ರಲ್ಲಿ, 3.10 ಬಂದದ್ದು 2021ರಲ್ಲಿ.

ಈ ಕನ್‌ಫ್ಯೂಷನ್ ನಮಗೆ ಮಾತ್ರ ಅಂತ ಬೇಜಾರು ಮಾಡ್ಕೊಬೇಡಿ. ಯಾಮಲ್ ಫೈಲಿನಲ್ಲಿ ಕೋಟ್ ಹಾಕದೆ 3.10 ಅಂತ ಬರೆದರೆ ಕಂಪ್ಯೂಟರೇ ಅದನ್ನು ದಶಮಾಂಶ ಅಂದ್ಕೊಂಡು ಕೊನೆಯ ಸೊನ್ನೆಯನ್ನು ನುಂಗಿಬಿಡುತ್ತದೆ. ಆಮೇಲೆ ಪೈಥಾನ್ 3.1 ಹುಡುಕಲು ಹೊರಡುತ್ತದೆ. ಅದು 2009ರ ಸರಕು!

ಹಾಗಾದ್ರೆ ಎಲ್ಲ ಚುಕ್ಕಿಯನ್ನೂ ಡೋರ್ ನಂಬರ್ ಅಂತ ಓದಿದರೆ ಆಯ್ತಾ? ಅದೂ ಇಲ್ಲ ಮಾರಾಯ್ರೆ. ಡೊನಾಲ್ಡ್ ಕ್ನೂತ್ ಬರೆದ ಟೆಕ್ ಎಂಬ ಅಕ್ಷರಜೋಡಣೆಯ ಸಾಫ್ಟ್‌ವೇರಿನಲ್ಲಿ ಚುಕ್ಕಿ ನಿಜವಾಗಿಯೂ ದಶಮಾಂಶವೇ. ಪ್ರತಿ ಸಲ ಒಂದೊಂದು ಅಂಕಿ ಸೇರಿ ನಂಬರ್ ಪೈ ಕಡೆಗೆ ಹೋಗುತ್ತಾ ಇರುತ್ತದೆ. 2021ರಲ್ಲಿ ಅದು 3.141592653 ಆಗಿತ್ತು. ಉಬುಂಟು 24.04 ಅಂದರೆ 2024ರ ಏಪ್ರಿಲ್. ಅದು ಕ್ಯಾಲೆಂಡರ್. ಮೂರು ಕಡೆ ಅದೇ ಚುಕ್ಕಿ, ಮೂರು ಅರ್ಥ.

ನಿಯಮವೇ ಇಲ್ಲವಾ? ಉಂಟು. ಗಿಟ್‌ಹಬ್ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ 'ಸೆಮ್ಯಾಂಟಿಕ್ ವರ್ಷನಿಂಗ್' ಅಂತ ಒಂದು ಕ್ರಮ ಬರೆದರು. ಮೂರು ಅಂಕಿ. ಕೊನೆಯದ್ದು ಬದಲಾದರೆ ಬಗ್ ಸರಿ ಮಾಡಿದ್ದಾರೆ. ನಡುವಿನದ್ದು ಬದಲಾದರೆ ಹೊಸತು ಸೇರಿದೆ, ಹಳೆ ಕೋಡ್ ಓಡುತ್ತದೆ. ಮೊದಲನೆಯದ್ದು ಬದಲಾದರೆ ಹಳೆ ಕೋಡ್ ಮುರಿಯಬಹುದು, ಜಾಗ್ರತೆ. ಕೇಳಲಿಕ್ಕೆ ಚಂದ. ಆದರೆ ಮೂರು ಅಂಕಿ ಕಂಡ ಕೂಡಲೇ ಈ ನಿಯಮ ಅಂತ ನಂಬಿದರೆ ಕಥೆ ಮುಗೀತು. ಪೈಥಾನ್ 3.11ರಿಂದ 3.12ಕ್ಕೆ ಹೋದಾಗ ಬದಲಾದದ್ದು ನಡುವಿನ ಅಂಕಿ ಮಾತ್ರ. ಆದರೂ ಡಿಸ್ಟ್‌ಯುಟಿಲ್ಸ್ ಎಂಬ ಹಳೆಯ ಮಾಡ್ಯೂಲನ್ನೇ ಅದರಿಂದ ತೆಗೆದಿದ್ದರು. ಅದನ್ನು ನಂಬಿಕೊಂಡಿದ್ದ ಪ್ಯಾಕೇಜುಗಳು ಇನ್‌ಸ್ಟಾಲ್ ಆಗುವಾಗಲೇ ಕೈಕೊಟ್ಟವು.

ನಂಬರ್ ಬದಲಾಯಿಸಿದ್ದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಮಡಂತ್ಯಾರಿನ ಮೇಲೆ ಹೋಗುವ ರಸ್ತೆಯನ್ನೇ ನೋಡಿ. ಅದು ಮೊದಲು ರಾಷ್ಟ್ರೀಯ ಹೆದ್ದಾರಿ 234, ಈಗ 73. 2010ರಲ್ಲಿ ಕೇಂದ್ರ ಸರ್ಕಾರ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟಿತು. ಹೊಸದರಲ್ಲಿ ಒಂದು ಕ್ರಮ ಉಂಟು. ಪೂರ್ವ-ಪಶ್ಚಿಮ ರಸ್ತೆಗೆ ಬೆಸ ಸಂಖ್ಯೆ, ಉತ್ತರ-ದಕ್ಷಿಣಕ್ಕೆ ಸಮ ಸಂಖ್ಯೆ. ಮೂರಂಕಿ ಇದ್ದರೆ ಅದು ಕವಲು, ಕೊನೆಯ ಎರಡಂಕಿ ತಾಯಿ ರಸ್ತೆ. ಬಂಟ್ವಾಳದಿಂದ ಮೈಸೂರಿಗೆ ಹೋಗುವ 275 ಅಂದರೆ 75ರ ಕವಲು. ಮೂಡುಬಿದಿರೆಯ 169 ಅಂದರೆ 69ರ ಕವಲು. ಕ್ರಮ ಗೊತ್ತಿದ್ದವರಿಗೆ ನಂಬರೇ ದಾರಿ ಹೇಳುತ್ತದೆ.

ಆದರೆ ಅದೇ ಬದಲಾವಣೆಯಲ್ಲಿ ಒಂದು ಪೆಟ್ಟೂ ಉಂಟು. ಹಳೆಯ 48 ಅಂದರೆ ಶಿರಾಡಿ ಘಾಟಿಯ ಮಂಗಳೂರು-ಬೆಂಗಳೂರು ರಸ್ತೆ. ಈಗ ಅದು 75. ಆ 48ನ್ನು ಹುಬ್ಬಳ್ಳಿ, ದಾವಣಗೆರೆ ಮೇಲೆ ಹೋಗುವ ದೆಹಲಿ-ಚೆನ್ನೈ ಹೆದ್ದಾರಿಗೆ ಕೊಟ್ಟಿದ್ದಾರೆ. ಹಳೆ ಮ್ಯಾಪ್ ಹಿಡಿದು 48 ಹುಡುಕಿದವರು ಎಲ್ಲಿಗೆ ಮುಟ್ಟುತ್ತಾರೆ ಯೋಚಿಸಿ. ಈ ವಿಷಯದಲ್ಲಿ ಪೈಥಾನಿನ ಪ್ಯಾಕೇಜ್ ಭಂಡಾರ ಪೈಪಿಐ ಜಾಣ. ಒಂದು ಸಲ ಹಾಕಿದ ಫೈಲನ್ನು ಡಿಲೀಟ್ ಮಾಡಿದರೂ ಅದೇ ಹೆಸರು, ಅದೇ ನಂಬರಿನಲ್ಲಿ ಬೇರೆ ಫೈಲ್ ಹಾಕಲು ಬಿಡುವುದಿಲ್ಲ. ನಂಬರ್ ತಪ್ಪಾದರೂ ಪರವಾಗಿಲ್ಲ, ಒಂದೇ ನಂಬರಿಗೆ ಎರಡು ಅರ್ಥ ಇರಬಾರದು.

ಇದೆಲ್ಲ ದೊಡ್ಡವರ ಜಗಳ, ನಮಗೆಂತಕ್ಕೆ ಅಂತ ಕೇಳಬಹುದು. ಪೆಟ್ಟು ಬೀಳುವುದು ನಮಗೇ. 2024ರ ಜೂನಿನಲ್ಲಿ ನಮ್‌ಪೈ 1.26ರಿಂದ 2.0ಕ್ಕೆ ಹಾರಿತು. 1.x ಲೆಕ್ಕದಲ್ಲಿ ಕಂಪೈಲ್ ಆಗಿದ್ದ ಎಷ್ಟೋ ಪ್ಯಾಕೇಜುಗಳು ಅದರ ಜೊತೆ ಓಡಲಿಲ್ಲ. ಲ್ಯಾಬ್ ಮ್ಯಾನುವಲಿನಲ್ಲಿ 'ನಮ್‌ಪೈ ಇನ್‌ಸ್ಟಾಲ್ ಮಾಡಿ' ಅಂತ ಮಾತ್ರ ಇದ್ದರೆ, ಯಾವ ನಮ್‌ಪೈ? ಸೀನಿಯರ್ಸ್ ಓಡಿಸಿದ ಅದೇ ಕೋಡ್ ನಮ್ಮ ಲ್ಯಾಪ್‌ಟಾಪಿನಲ್ಲಿ ಕೆಂಪು ಅಕ್ಷರ ಕಾರುತ್ತದೆ. ಇಂಗ್ಲಿಷ್ ಮೀಡಿಯಂನಿಂದ ಬಂದ ನಮ್ಮಂಥವರು ಆ ಎರರನ್ನು ಓದಿ, ಗೂಗಲ್ ಮಾಡಿ ಹೇಗೋ ದಾಟುತ್ತೇವೆ. ಕನ್ನಡ ಮೀಡಿಯಂನಿಂದ ಬಂದ ಗೆಳೆಯರಲ್ಲಿ ಎಷ್ಟೋ ಜನ 'ನಂಗೆ ಕೋಡಿಂಗ್ ಬರುದಿಲ್ಲ' ಅಂತ ತೀರ್ಮಾನ ಮಾಡಿ ಸುಮ್ಮನಾಗುತ್ತಾರೆ. ಅವರ ತಲೆಯಲ್ಲಿ ಏನೂ ತೊಂದರೆ ಇರಲಿಲ್ಲ, ತೊಂದರೆ ಇದ್ದದ್ದು ಒಂದು ನಂಬರಿನಲ್ಲಿ. ಇನ್ನು ಊರಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು, ನೆಟ್‌ವರ್ಕ್ ಸಿಗುವ ಮೂಲೆ ಹುಡುಕಿ ಕೂರುವವರಿಗೆ ತಪ್ಪು ವರ್ಷನ್ ಅಂದರೆ ಆ ದಿನದ ಡೇಟಾ ಖಾಲಿ.

ಜಗತ್ತಿನ ಎಲ್ಲ ಪ್ಯಾಕೇಜುಗಳ ನಂಬರ್ ಸರಿ ಮಾಡಲು ನಮ್ಮಿಂದ ಆಗದು. ನಮ್ಮ ಕ್ಯಾಂಪಸಿನೊಳಗೆ ಮೂರು ಕೆಲಸ ಆಗುತ್ತದೆ. ಒಂದು, ಲ್ಯಾಬ್ ಮ್ಯಾನುವಲಿನಲ್ಲಿ ಪ್ರತಿ ಪ್ಯಾಕೇಜಿನ ಪಕ್ಕ ಪೂರ್ತಿ ವರ್ಷನ್ ನಂಬರ್ ಇರಲಿ. ಎರಡು, ಮಿನಿ ಪ್ರಾಜೆಕ್ಟ್ ಸಬ್‌ಮಿಟ್ ಮಾಡುವಾಗ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಎರಡು ಸಮ ಚಿಹ್ನೆ ಹಾಕಿ, ಇದೇ ವರ್ಷನ್ ಬೇಕು ಅಂತ ಬರೆಯೋಣ. ಮೂರು, ನಮ್ಮದೇ ಆ್ಯಪಿಗೆ ನಂಬರ್ ಕೊಡುವಾಗ ಯಾವ ಕ್ರಮ ಅಂತ ರೀಡ್‌ಮಿಯಲ್ಲಿ ಒಂದು ಸಾಲು ಹಾಕೋಣ. 'ಫೈನಲ್', 'ಫೈನಲ್ ಹೊಸತು', 'ಫೈನಲ್ ಇದೇ' ಅಂತ ಫೋಲ್ಡರ್ ಮಾಡುವ ಕಾಲ ಮುಗಿಯಲಿ.

ಇದಕ್ಕೆ ದುಡ್ಡು ಬೇಡ, ಸರ್ಕ್ಯುಲರ್ ಬೇಡ, ಹತ್ತು ನಿಮಿಷ ಸಾಕು. ಮುಂದಿನ ವರ್ಷ ನಮ್ಮ ಕೋಡ್ ತೆಗೆಯುವ ಜೂನಿಯರ್‌ಗೆ ಮೊದಲ ಸಲಕ್ಕೇ ಅದು ಓಡಿದರೆ ಅವರಿಗೆ ನಮ್ಮ ಹೆಸರು ಗೊತ್ತಾಗಬೇಕಂತಲೂ ಇಲ್ಲ.