ಎಂಜಿನ್ ಬಣ್ಣ ಸರಿಯಾಗಿದ್ದರೆ ಹಳೆಯ ಮಸಲ್ ಕಾರು ‘ಒರಿಜಿನಲ್’ ಎನ್ನಬಹುದೇ?

ಬಾನೆಟ್ ಎತ್ತಿದ ಹಳೆಯ ಅಮೆರಿಕನ್ ಕಾರು, ಒಳಗೆ ಫಳಫಳ ಹೊಳೆಯುವ ಕಿತ್ತಳೆ ಬಣ್ಣದ ಎಂಜಿನ್, ಜೊತೆಗೆ ‘ಫ್ಯಾಕ್ಟರಿ ಬಣ್ಣ, ನೂರಕ್ಕೆ ನೂರು ಒರಿಜಿನಲ್’ ಎಂಬ ಸಾಲು. ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಬಣ್ಣ ನೋಡಿ ಎಂಜಿನ್‌ನ ಅಸಲಿತನ ಹೇಳಲು ಸಾಧ್ಯವೇ? ಒಂದೇ ಮಾತಿನ ಉತ್ತರ: ಇಲ್ಲ. ಕಾರಿನಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬದಲಾಯಿಸಬಹುದಾದ ಸಂಗತಿಯೇ ಬಣ್ಣ. ಹಾಗಾದರೆ ಸರಿಯಾದ ಬಣ್ಣ ಯಾವುದೆಂದು ತಿಳಿಯುವುದು ಹೇಗೆ?

ಬಣ್ಣಕ್ಕೆ ಇಷ್ಟು ಮಹತ್ವ ಏಕೆ?

1960ರ ದಶಕದ ಮಧ್ಯದಿಂದ 1970ರ ದಶಕದ ಆರಂಭದವರೆಗೆ ಅಮೆರಿಕದ ಕಂಪನಿಗಳು ಮಧ್ಯಮ ಗಾತ್ರದ ಕಾರುಗಳಿಗೆ ದೊಡ್ಡ ವಿ8 ಎಂಜಿನ್ ಕೂರಿಸಿ ಮಾರುತ್ತಿದ್ದವು. ಇವೇ ಮಸಲ್ ಕಾರುಗಳು. 1964ರ ಪಾಂಟಿಯಾಕ್ ಜಿಟಿಒ ಈ ಸಾಲಿನ ಮೊದಲ ಕಾರು ಎಂದು ಹಲವರು ಹೇಳುತ್ತಾರೆ. ಎರಕದ ಕಬ್ಬಿಣದ ಎಂಜಿನ್ ತುಕ್ಕು ಹಿಡಿಯದಂತೆ ಕಂಪನಿಗಳು ಬಣ್ಣ ಹೊಡೆಯುತ್ತಿದ್ದವು.

ಇಂದು ಈ ಕಾರುಗಳನ್ನು ಸಂಗ್ರಹಕಾರರು ಕೊಳ್ಳುತ್ತಾರೆ. ಹುಟ್ಟಿದಾಗಿನ ಎಂಜಿನ್ ಇನ್ನೂ ಇರುವ ಕಾರಿಗೂ ಎಂಜಿನ್ ಬದಲಾದ ಅದೇ ಮಾದರಿಯ ಕಾರಿಗೂ ಬೆಲೆಯಲ್ಲಿ ದೊಡ್ಡ ಅಂತರವಿದೆ. ಆದ್ದರಿಂದಲೇ ಬಣ್ಣದ ಮೇಲೆ ಎಲ್ಲರ ಕಣ್ಣು. ಮೋಸಕ್ಕೂ ಅಲ್ಲೇ ಜಾಗ.

ಕಂಪನಿಗೊಂದು ಬಣ್ಣ ಎಂಬುದು ಅರ್ಧ ಸತ್ಯ

‘ಷೆವರ್ಲೆ ಅಂದರೆ ಕಿತ್ತಳೆ, ಫೋರ್ಡ್ ಅಂದರೆ ನೀಲಿ’ ಎಂಬ ಮಾತು ಚಾಲ್ತಿಯಲ್ಲಿದೆ. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಫೋರ್ಡ್ ತನ್ನ ಎಂಜಿನ್‌ಗಳಿಗೆಲ್ಲ ನೀಲಿ ಬಣ್ಣ ಹೊಡೆಯಲು ಆರಂಭಿಸಿದ್ದು 1966ರ ಮಾದರಿಗಳಿಂದ. ಅದಕ್ಕೂ ಒಂದು ವರ್ಷ ಹಿಂದಿನ ಮಸ್ಟಾಂಗ್‌ನ 289 ವಿ8 ಎಂಜಿನ್ನಿನ ಮೈ ಕಪ್ಪು, ಮೇಲಿನ ವಾಲ್ವ್ ಕವರ್ ಬಂಗಾರದ ಬಣ್ಣ. 1965ರ ಮಸ್ಟಾಂಗ್‌ಗೆ ಚೆಂದದ ನೀಲಿ ಹೊಡೆದಿದ್ದರೆ ಅದೇ ತಪ್ಪು ಬಣ್ಣ! ಷೆವರ್ಲೆಯ ವಿ8 ಎಂಜಿನ್‌ಗಳು 1976ರವರೆಗೆ ಕಿತ್ತಳೆ, 1977ರಿಂದ ನೀಲಿ.

ಒಂದೇ ಕಂಪನಿ ಒಂದೇ ವರ್ಷ ಎರಡು ಬಣ್ಣ ಬಳಸಿದ್ದೂ ಉಂಟು. 1966ರಲ್ಲಿ ಕ್ರೈಸ್ಲರ್‌ನ 426 ಸ್ಟ್ರೀಟ್ ಹೆಮಿ ಎಂಜಿನ್ ಕಿತ್ತಳೆಯಾಗಿದ್ದರೆ, ಅದೇ ಕಂಪನಿಯ 383 ಎಂಜಿನ್ ಹಸಿರು ಮಿಶ್ರಿತ ನೀಲಿ.

ಇನ್ನೊಂದು ತೊಡಕಿದೆ. ಪಾಂಟಿಯಾಕ್‌ನ ಸ್ವಂತ ಎಂಜಿನ್‌ಗಳು ನೀಲಿ. ಆದರೆ ಆ ಕಾಲದಲ್ಲಿ ಕೆನಡಾದ ಮಾರುಕಟ್ಟೆಗಾಗಿ ತಯಾರಾದ ಹಲವು ಪಾಂಟಿಯಾಕ್ ಕಾರುಗಳಿಗೆ ಫ್ಯಾಕ್ಟರಿಯಲ್ಲೇ ಷೆವರ್ಲೆ ಎಂಜಿನ್ ಹಾಕಲಾಗಿತ್ತು. ಅಲ್ಲಿ ಪಾಂಟಿಯಾಕ್ ಬಾನೆಟ್ ಕೆಳಗೆ ಕಿತ್ತಳೆ ಬಣ್ಣ ಕಂಡರೆ ಅದು ಸರಿಯೇ ಇರಬಹುದು.

ಎಂಜಿನ್ ಯಾರದ್ದು ಎಂಬ ಪ್ರಶ್ನೆ ಸಂಗ್ರಹಕಾರರ ತಲೆಹರಟೆ ಮಾತ್ರವಲ್ಲ. 1977ರಲ್ಲಿ ಓಲ್ಡ್ಸ್‌ಮೊಬೈಲ್ ಕಾರು ಕೊಂಡ ಹಲವರು ಒಳಗಿರುವುದು ಷೆವರ್ಲೆ ಎಂಜಿನ್ ಎಂದು ತಿಳಿದು ಸಿಟ್ಟಾದರು. ಎರಡೂ ಜನರಲ್ ಮೋಟರ್ಸ್‌ನವೇ ಬ್ರ್ಯಾಂಡ್‌ಗಳಾದರೂ ವಿಷಯ ಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಕಂಪನಿ ಗ್ರಾಹಕರಿಗೆ ಪರಿಹಾರ ಕೊಡಬೇಕಾಯಿತು.

ಮೊದಲು ನಂಬರ್, ಆಮೇಲೆ ಬಣ್ಣ

ಹೀಗಾಗಿ ತಿಳಿದವರು ಬಣ್ಣದಿಂದ ಶುರು ಮಾಡುವುದಿಲ್ಲ. ಎಂಜಿನ್ ಯಾವುದು, ಯಾವ ವರ್ಷದ್ದು ಎಂದು ಮೊದಲು ಪತ್ತೆ ಮಾಡುತ್ತಾರೆ. ಅದಕ್ಕೆ ಸರಿಯಾದ ಬಣ್ಣ ಯಾವುದೆಂದು ಆಮೇಲೆ ನೋಡುತ್ತಾರೆ.

ಷೆವರ್ಲೆ ವಿ8 ಉದಾಹರಣೆ ನೋಡಿ. ಬಲಗಡೆಯ ಸಿಲಿಂಡರ್ ಹೆಡ್‌ನ ಮುಂದೆ ಒಂದು ಸಣ್ಣ ಸಪಾಟು ಜಾಗವಿದೆ. ಅಲ್ಲಿ ಅಕ್ಷರ, ಅಂಕಿಗಳನ್ನು ಒತ್ತಿರುತ್ತಾರೆ. ಮೊದಲಕ್ಷರ ‘ವಿ’ ಆದರೆ ಫ್ಲಿಂಟ್ ಕಾರ್ಖಾನೆ, ‘ಟಿ’ ಆದರೆ ಟೊನಾವಾಂಡಾ. ಮುಂದಿನ 0312 ಎಂದರೆ ಮಾರ್ಚ್ 12ರಂದು ಜೋಡಿಸಿದ್ದು. ಕೊನೆಯ ಅಕ್ಷರಗಳಿಂದ ಎಂಜಿನ್‌ನ ಶಕ್ತಿ, ಗೇರ್‌ಬಾಕ್ಸ್ ಯಾವುದೆಂದು ತಿಳಿಯುತ್ತದೆ.

ಇದರಲ್ಲಿ ವರ್ಷ ಇಲ್ಲ. ಅದಕ್ಕೆ ಎರಕದಲ್ಲೇ ಮೂಡಿದ ದಿನಾಂಕ ನೋಡಬೇಕು. ‘ಸಿ 4 9’ ಎಂದಿದ್ದರೆ ಸಿ ಅಂದರೆ ಮೂರನೇ ತಿಂಗಳು, ಅಂದರೆ ಮಾರ್ಚ್ 4, ಒಂಬತ್ತರಲ್ಲಿ ಕೊನೆಯಾಗುವ ವರ್ಷ. ಎರಕದ ಭಾಗದ ಸಂಖ್ಯೆಯನ್ನೂ ಸೇರಿಸಿ ನೋಡಿದರೆ ಅದು 1969ರದ್ದೋ 1979ರದ್ದೋ ಎಂದು ಗೊತ್ತಾಗುತ್ತದೆ.

ಇಲ್ಲೊಂದು ಸರಳ ಲೆಕ್ಕವಿದೆ. ಮೊದಲು ಎರಕ, ಆಮೇಲೆ ಎಂಜಿನ್ ಜೋಡಣೆ, ಕೊನೆಗೆ ಕಾರು ತಯಾರಿ. ಈ ಕ್ರಮ ತಿರುಗುಮುರುಗಾಗಿ, ಕಾರು ಹುಟ್ಟಿದ ಮೇಲೆ ಎಂಜಿನ್ ಎರಕವಾಗಿದ್ದರೆ ಅದು ಆ ಕಾರಿನ ಎಂಜಿನ್ ಅಲ್ಲವೇ ಅಲ್ಲ. ಜನರಲ್ ಮೋಟರ್ಸ್ 1968ರಿಂದ ಕಾರಿನ ಗುರುತಿನ ಸಂಖ್ಯೆಯ ಒಂದು ಭಾಗವನ್ನು ಎಂಜಿನ್ ಮೇಲೂ ಒತ್ತಿದೆ. ‘ಮ್ಯಾಚಿಂಗ್ ನಂಬರ್ಸ್’ ಎನ್ನುವುದು ಇದನ್ನೇ.

ನಂಬರನ್ನೂ ಉಜ್ಜಿ ಅಳಿಸಿ ಹೊಸದಾಗಿ ಒತ್ತುವವರಿದ್ದಾರೆ. ಆದರೆ ಆ ಸಪಾಟು ಜಾಗದಲ್ಲಿ ಕಾರ್ಖಾನೆಯ ಯಂತ್ರ ಉಳಿಸಿದ ಸಣ್ಣ ಸಮಾನಾಂತರ ಗೆರೆಗಳಿರುತ್ತವೆ. ಉಜ್ಜಿದರೆ ಅವೂ ಮಾಯ. ನಂಬರ್ ಸರಿಯಿದ್ದು ಗೆರೆ ಇಲ್ಲದಿದ್ದರೆ ಅನುಮಾನಪಡಬೇಕು. ಕಾಗದಪತ್ರವೂ ನೆರವಾಗುತ್ತದೆ. 1967ರಿಂದ ಈಚಿನ ಫೋರ್ಡ್ ಕಾರುಗಳಿಗೆ ‘ಮಾರ್ಟಿ ರಿಪೋರ್ಟ್’, ಪಾಂಟಿಯಾಕ್‌ಗಳಿಗೆ ‘ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್’ ನೀಡುವ ದಾಖಲೆಗಳಿವೆ.

ನಿಜವಾದ ಛಾಯೆ ಅಡಗಿರುವುದು ಎಲ್ಲಿ?

‘ಕಿತ್ತಳೆ’ ಎಂದು ಗೊತ್ತಾದರೂ ಯಾವ ಕಿತ್ತಳೆ ಎಂಬ ಪ್ರಶ್ನೆ ಉಳಿಯುತ್ತದೆ. ವರ್ಷಗಟ್ಟಲೆ ಬಿಸಿ, ಎಣ್ಣೆ, ಬೆಳಕು ತಿಂದ ಬಣ್ಣ ಕಪ್ಪಾಗುತ್ತದೆ ಅಥವಾ ಮಾಸುತ್ತದೆ. ಎಂಜಿನ್‌ಗೆ ಬಣ್ಣ ಹೊಡೆದ ನಂತರ ಕೂರಿಸಿದ ಬ್ರಾಕೆಟ್, ಮೌಂಟ್‌ಗಳ ಅಡಿಯಲ್ಲಿ ಮೂಲ ಬಣ್ಣ ಉಳಿದಿರುತ್ತದೆ. ದಪ್ಪ ಗ್ರೀಸ್ ಕೂತ ಕೆಳಭಾಗವೂ ಅಷ್ಟೇ. ಆ ತುಣುಕೇ ನಂಬಬಹುದಾದ ಮಾದರಿ. ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿಗಳ ಮೇಲೆ ಒಂದೇ ಹೆಸರಿದ್ದರೂ ತಯಾರಕರಿಂದ ತಯಾರಕರಿಗೆ ಛಾಯೆ ಬೇರೆ.

‘ಹೊಳಪು ಹೆಚ್ಚಿದ್ದರೆ ಒರಿಜಿನಲ್’ ಎಂಬುದೂ ತಪ್ಪು. ಕಾರ್ಖಾನೆಯಲ್ಲಿ ದಿನಕ್ಕೆ ನೂರಾರು ಎಂಜಿನ್‌ಗಳಿಗೆ ಅವಸರದಲ್ಲಿ ಸ್ಪ್ರೇ ಮಾಡುತ್ತಿದ್ದರು. ಮೂಲೆಗಳಲ್ಲಿ ಬಣ್ಣ ತೆಳು, ಪಕ್ಕದ ಭಾಗಗಳ ಮೇಲೆ ಸಿಡಿದ ಹನಿ ಇದ್ದದ್ದು ಸಹಜ. ಕನ್ನಡಿಯಂಥ ಹೊಳಪು ಇತ್ತೀಚಿನ ಕೈಚಳಕ.

ಒಂದು ಎಚ್ಚರಿಕೆ: ಆ ಕಾಲದ ಕಿತ್ತಳೆ, ಹಳದಿ ಬಣ್ಣಗಳಲ್ಲಿ ಸೀಸ ಮತ್ತು ಕ್ರೋಮಿಯಂ ಇರುವ ವರ್ಣಕಗಳ ಬಳಕೆ ಸಾಮಾನ್ಯವಾಗಿತ್ತು. ಹಳೆಯ ಬಣ್ಣವನ್ನು ಒಣ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ಧೂಳು ಕುಡಿಯಬೇಡಿ. ಮಕ್ಕಳನ್ನಂತೂ ಹತ್ತಿರ ಬಿಡಬೇಡಿ.

ಫೋಟೊ ನೋಡಿ ಹೇಳಲಾಗದು

ಮೊಬೈಲ್ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನಾಗಿಯೇ ಸರಿಪಡಿಸುತ್ತದೆ. ಒಂದೇ ಎಂಜಿನ್ ಬಿಸಿಲಲ್ಲಿ ಕೆಂಪಾಗಿ, ಟ್ಯೂಬ್‌ಲೈಟ್ ಕೆಳಗೆ ಹಳದಿಯಾಗಿ ಕಾಣಬಹುದು. ಮೇಲೆ ಫಿಲ್ಟರ್ ಬಿದ್ದರಂತೂ ಮುಗಿಯಿತು. ಫೋಟೊದಿಂದ ಛಾಯೆ ನಿರ್ಧರಿಸಿ ಹಣ ಕೊಡುವುದು ಜಾಣತನವಲ್ಲ.

ಈ ಪಾಠ ಅಮೆರಿಕದ ಕಾರಿಗೆ ಮಾತ್ರವಲ್ಲ. ನಾಳೆ ನೀವು ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳಲು ಹೋದಾಗಲೂ ಹೊಳೆಯುವ ಪೇಂಟ್ ಮೊದಲು ಕಣ್ಣಿಗೆ ಬೀಳುತ್ತದೆ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್ ಗಾಡಿಯ ಮೇಲಿರುವುದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿ. ತಾಳೆಯಾದ ಮೇಲಷ್ಟೇ ಬಣ್ಣದ ಮಾತು.